ಓದುಗರ ಪ್ರಶ್ನೆ: ಅಮ್ಮ ಹೋಗಿ ಕುದುರೆ ಆಗುದಿಲ್ವಾ?

ಪ್ರಶ್ನೆ: ಚೈನೀಸ್‌ನಲ್ಲಿ ಸ್ವರ ಏರಿಳಿದ್ರೆ ಶಬ್ದದ ಅರ್ಥವೇ ಬೇರೆ ಅಂತೀರಿ. ಮತ್ತೆ ಹಾಡುವಾಗ ರಾಗಕ್ಕೆ ಏರಿಳಿಸಿದ್ರೆ ‘ಅಮ್ಮ’ ಹೋಗಿ ‘ಕುದುರೆ’ ಆಗುದಿಲ್ವಾ? – ಮಣ್ಣಗುಡ್ಡೆ ಓದುಗರು

ಇದು ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಅಲ್ಲಿ ಅಮ್ಮನಿಗೂ ‘ಮಾ’, ಕುದುರೆಗೂ ‘ಮಾ’, ಏರಿಳಿತ ಮಾತ್ರ ಬೇರೆ; ಈ ಜೋಕು ಎಲ್ರಿಗೂ ಬಾಯಿಪಾಠ, ಉತ್ತರ ಹೇಳ್ಲಿಕ್ಕೆ ಹೊರಟ್ರೆ ಮಾತ್ರ ಫೋನ್ ನೋಡ್ತಾರೆ. ಆ ಏರಿಳಿತಕ್ಕೇ ಟೋನ್ ಅನ್ನುದು, ಅದು ಹಾರ್ಮೋನಿಯಂನ ಬಿಳಿ ನಾಲ್ಕು, ಕಪ್ಪು ಎರಡು ಅಂತ ಗೂಟ ಹೊಡೆದ ಸ್ವರ ಅಲ್ಲ ಮಾರಾಯ್ರೆ, ದಪ್ಪ ಗಂಟಲಿನ ಅಜ್ಜನೂ ಸಪೂರ ಗಂಟಲಿನ ಮಗುವೂ ಒಂದೇ ಟೋನ್ ಹೇಳ್ತಾರಲ್ವಾ, ಪಕ್ಕದ ಅಕ್ಷರಕ್ಕಿಂತ ಮೇಲೋ ಕೆಳಗೋ, ಏರ್ತಾ ಉಂಟೋ ಇಳೀತಾ ಉಂಟೋ ಅಷ್ಟೇ ಲೆಕ್ಕ. ಹಾಗಾಗಿ ಮಾತು ಮೇಲೆ ಹೋಗುವಲ್ಲಿ ರಾಗ ಕೆಳಗೆ ಬೀಳದಿದ್ರೆ ಸಾಕು, ಎಷ್ಟು ಮೇಲೆ ಅನ್ನುದು ಹಾಡು ಕಟ್ಟುವವನ ಇಷ್ಟ.

ಹಾಂಕಾಂಗ್‌ನ ಕ್ಯಾಂಟನೀಸ್ (ಅದೂ ಒಂದು ಬಗೆಯ ಚೈನೀಸೇ) ಹಾಡಿನವರು ಇದರಲ್ಲಿ ಭಾರೀ ಸ್ಟ್ರಿಕ್ಟ್. 6 ಟೋನ್, ಮೇಲಿಂದ ಅಲ್ಲಿ ಹೆಚ್ಚಾಗಿ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ಅದಕ್ಕೊಂದು ಉಪಾಯ ಉಂಟು: ಲಿಂಗ್, ಯೀ, ಸೇ, ಸಾಮ್, ಅಂದ್ರೆ 0, 2, 4, 3. ಈ ಅಂಕಿಗಳು ಅವರ ಬಾಯಲ್ಲಿ ಇದೇ ಕ್ರಮದಲ್ಲಿ ತಗ್ಗಿನಿಂದ ಎತ್ತರಕ್ಕೆ ಒಂದೊಂದೇ ಮೆಟ್ಟಿಲು ಹತ್ತುತ್ತವೆ. ಟ್ಯೂನನ್ನು ಮೊದಲು ಅಂಕಿಯಲ್ಲೇ ಗುನುಗಿ, ಎಲ್ಲಿ 3 ಬಂತೋ ಅಲ್ಲಿಗೆ ಎತ್ತರದ ಟೋನಿನ ಶಬ್ದವನ್ನೇ ಹುಡುಕುದು. ನಮ್ಮ ಯಕ್ಷಗಾನ ಪ್ರಸಂಗ ಬರೆಯುವವರು ಮಾತ್ರೆ ಎಣಿಸಿದ ಹಾಗೆ ಇವರು ಎತ್ತರ ಎಣಿಸುದು. ತಪ್ಪಿದ್ರೆ ಕೇಳುವವರಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ.

ವಿಯೆಟ್ನಾಮಿನವರು ಒಂದೇ ಸ್ವರದ ಒಳಗೆ ಸಣ್ಣ ಜಾರು ಹಾಕಿ ಟೋನ್ ತೋರಿಸ್ತಾರೆ. ಚೀನಾದ ಮುಖ್ಯ ಭಾಷೆ ಮ್ಯಾಂಡರಿನ್, ಅದರ ಪಾಪ್ ಹಾಡಿನವರು ಹೆಚ್ಚಿನ ಕಡೆ ಟೋನನ್ನೇ ಬದಿಗಿಟ್ಟು ಹಾಡ್ತಾರೆ, ಅರ್ಥ ಹಿಂದೆಮುಂದಿನ ಶಬ್ದದಿಂದ ಆಗ್ತದೆ. ಎಂತ ಆಶ್ಚರ್ಯ ಅದರಲ್ಲಿ? ‘ಕೈಗೆ ಬಳೆ’ ಅಂತ ಹಾಡುವಾಗ ರಾಗಕ್ಕೆ ಎಳೆದು ‘ಬಾಳೆ’ ಆದ್ರೂ ನೀವು ಯಾರೂ ಎಲೆ ಹಾಕಿ ಊಟಕ್ಕೆ ಕೂರುದಿಲ್ಲ ಅಲ್ವಾ.

ಅದಕ್ಕೇ ಹೇಳುದು, ‘ಹಾಡಿನಿಂದ ಮ್ಯಾಂಡರಿನ್ ಟೋನ್ ಕಲಿಯಿರಿ’ ಅಂತ ರೀಲ್ಸಲ್ಲಿ ಕೋರ್ಸ್ ಮಾರುವವರ ಹತ್ರ ದುಡ್ಡು ಹಾಕ್ಬೇಡಿ. ನನ್ನ ಪರಿಚಯದ ಹುಡುಗ ಒಬ್ಬ ಹಾಗೆ ಕಲಿತು ಬಂದ, ಹಾಡು ಚಂದ ಹೇಳ್ತಾನೆ, ಮಾತಾಡು ಅಂದ್ರೆ ಅಮ್ಮನನ್ನೂ ಕುದುರೆಯನ್ನೂ ಒಂದೇ ರಾಗದಲ್ಲಿ ಕರೀತಾನೆ. ಹಾಡುವಾಗ ಅವರೇ ಬಿಟ್ಟದ್ದನ್ನು ಹಾಡಲ್ಲಿ ಹುಡುಕಿದ್ರೆ ಎಲ್ಲಿ ಸಿಗ್ತದೆ? ಮಾತಾಡುವವರ ಎದುರು ಕೂತ್ಕೊಳ್ಳಿ.

ಪ್ರಶ್ನೆ: ಕುಂದಾಪ್ರ ಕನ್ನಡದಲ್ಲೂ ರಾಗ ಉಂಟಲ್ಲ, ಅದೂ ಟೋನ್ ಭಾಷೆಯಾ?

ಅಲ್ಲ. ರಾಗ ಬದಲಾದ್ರೆ ಊರು ಗೊತ್ತಾಗ್ತದೆ, ಶಬ್ದ ಬದಲಾಗುದಿಲ್ಲ.

ಪ್ರಶ್ನೆ: ಚೈನೀಸ್ ಕಲಿಸಿದ್ರೆ ಮಗಳಿಗೆ ಶ್ರುತಿಜ್ಞಾನ ಬರ್ತದಾ?

ಮನೆಯಲ್ಲಿ ಶ್ರುತಿಪೆಟ್ಟಿಗೆ ಉಂಟಾ? ಅದನ್ನು ಆನ್ ಮಾಡಿ.

ಪ್ರಶ್ನೆ: ವೇದದ ಉದಾತ್ತ ಅನುದಾತ್ತವೂ ಟೋನೇ ಅಲ್ವಾ?

ನೆಂಟಸ್ತಿಕೆ ಉಂಟು, ‘ಇಂದ್ರಶತ್ರು’ ಅನ್ನುವಲ್ಲಿ ಸ್ವರ ತಪ್ಪಿ, ‘ಇಂದ್ರನನ್ನು ಕೊಲ್ಲುವವ’ ಅನ್ನುದು ‘ಇಂದ್ರನ ಕೈಯಲ್ಲಿ ಸಾಯುವವ’ ಆಗಿ, ವೃತ್ರಾಸುರನ ಕಥೆ ಮುಗಿದದ್ದು ಕೇಳಿರ್ತೀರಿ. ಉಳಿದದ್ದನ್ನು ರಥಬೀದಿಯಲ್ಲಿ ವೇದ ಓದಿದವರ ಹತ್ರ ಕೇಳಿ.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ಭಾಷೆ ಇಲ್ಲ ಅಲ್ವಾ?

ಮಿಜೋ, ಮಣಿಪುರಿ, ಪಂಜಾಬಿ. ಪಂಜಾಬಿಯಲ್ಲಿ ಕುದುರೆಗೂ ಚಾಟಿಗೂ ಇರುವ ವ್ಯತ್ಯಾಸವೇ ಟೋನ್. ಮೆಹಂದಿ ಪಾರ್ಟಿಯಲ್ಲಿ ಡಿಜೆ ಹಾಕಿಸಿ ನೀವೆಲ್ಲ ಕುಣಿಯುದು ಯಾವ ಭಾಷೆಗೆ ಮತ್ತೆ?