ಇಷ್ಟು ಪುಟ್ಟದು, ಮರಿನಾ?

ಪ್ರಶ್ನೆ: ಮಲೇಷ್ಯಾ ಟ್ರಿಪ್‌ನಲ್ಲಿ ಒಂದು ಜೌಗು ಜಾಗದಲ್ಲಿ ಹುಲ್ಲಿನ ತುದೀಲಿ ಕೂತಿದ್ದ ಕೆಂಪು ಏರೋಪ್ಲೇನ್ ಚಿಟ್ಟೆ ಫೋಟೋ ಕಳಿಸಿದೀನಿ ನೋಡಿ, ಹೆಬ್ಬೆರಳಿನ ಉಗುರಿಗಿಂತ ಚೂರೇ ಚೂರು ಉದ್ದ ಅಷ್ಟೇ. ಬಾಲ ಮೇಲಕ್ಕೆತ್ತಿ ಶೀರ್ಷಾಸನ ಹಾಕ್ದಂಗೆ ಕೂತಿತ್ತು. ಪಕ್ಕದಲ್ಲಿ ಕಂದು ಹಳದಿ ಪಟ್ಟೆಯ ಇನ್ನೊಂದಿತ್ತು, ಕಣಜ ಅನ್ಕೊಂಡು ದೂರ ಸರಿದೆ. ಈ ಕೆಂಪಂದು ಯಾವುದರ ಮರಿ?

ಉತ್ತರ: ಮರಿ ಅಲ್ಲ, ಪೂರ್ತಿ ಬೆಳೆದಿರೋ ಗಂಡು! ಇಂಗ್ಲಿಷ್‌ನಲ್ಲಿ ಸ್ಕಾರ್ಲೆಟ್ ಡ್ವಾರ್ಫ್ ಅಂತಾರೆ, ವೈಜ್ಞಾನಿಕ ಹೆಸರು ನ್ಯಾನೋಫಯಾ ಪಿಗ್ಮಿಯಾ, 1842ರಲ್ಲಿ ರಾಂಬುರ್ ಅನ್ನೋ ಫ್ರೆಂಚ್ ಕೀಟತಜ್ಞ ಇಟ್ಟಿದ್ದು, ಹೆಸರಲ್ಲೇ ಎರಡೆರಡು ಸಲ ಕುಳ್ಳ ಅಂತ ಕರೆದುಬಿಟ್ಟಿದಾರೆ ಪಾಪ. ಜಗತ್ತಿನ ಅತಿ ಚಿಕ್ಕ ಡ್ರ್ಯಾಗನ್‌ಫ್ಲೈಗಳಲ್ಲಿ, ಅಂದ್ರೆ ಏರೋಪ್ಲೇನ್ ಚಿಟ್ಟೆಗಳಲ್ಲಿ, ಇದೂ ಒಂದು. ಜಪಾನಲ್ಲೂ ಇದೆ, ಅಲ್ಲಿ ಹಾಚ್ಚೋ ತೊಂಬೊ ಅಂತಾರೆ, ಅಲ್ಲಿನ ಒಂದು ಯೆನ್ ನಾಣ್ಯ 20 ಮಿಲಿಮೀಟರ್ ಅಗಲ, ಇದರ ಮೈ ಉದ್ದಾನೂ ಹೆಚ್ಚುಕಮ್ಮಿ ಅಷ್ಟೇ.

ಡ್ರ್ಯಾಗನ್‌ಫ್ಲೈ ಮರಿ ಹಾರೋದೇ ಇಲ್ಲ ಕಣ್ರೀ. ಅದು ನೀರೊಳಗಡೆ ಇರುತ್ತೆ, ಮಣ್ಣಿನ ಬಣ್ಣದ ಹುಳ, ಕೆಳತುಟಿನ ಕೈ ಥರ ಸರಕ್ಕಂತ ಮುಂದೆ ಚಾಚಿ ಬೇಟೆ ಹಿಡಿಯುತ್ತೆ. ಬೆಳೆಯೋದೆಲ್ಲ ಅಲ್ಲೇ, ಪೊರೆ ಕಳಚ್ತಾ ಕಳಚ್ತಾ, ಕೊನೇ ಪೊರೆ ಬಿಟ್ಟು ಹೊರಗೆ ಬಂದು ರೆಕ್ಕೆ ಬಿಚ್ಚಿದ ಮೇಲೆ ಸೈಜ್ ಫಿಕ್ಸ್. ಆಮೇಲೆ ಬದಲಾಗೋದು ಬಣ್ಣ ಮಾತ್ರ, ಹೊಸದಾಗಿ ಬಂದ ಗಂಡು ಮಾಸಲು ಕಿತ್ತಳೆ ಥರ ಇದ್ದು ದಿನ ಕಳೆದಂಗೆ ಕೆಂಪಾಗುತ್ತೆ.

ನೀವು ಕಣಜ ಅನ್ಕೊಂಡಿರೋದು ಬಹುಶಃ ಇದರ ಹೆಣ್ಣೇ, ಅದಕ್ಕೆ ಕಂದು ಹಳದಿ ಬಿಳಿ ಪಟ್ಟೆ ಇರುತ್ತೆ, ಕುಟುಕಲ್ಲ, ಹೆದರಿ ಓಡಬೇಕಾಗಿರ್ಲಿಲ್ಲ.

ಇನ್ನು ಶೀರ್ಷಾಸನ. ಫೋಟೋದಲ್ಲಿ ಹುಲ್ಲಿನ ನೆರಳು ಬುಡದಲ್ಲೇ ಬಿದ್ದಿದೆ ಅಂದ್ರೆ ಸೂರ್ಯ ನೆತ್ತಿ ಮೇಲೆ. ಬಾಲದ ತುದಿ ಸೂರ್ಯನ ಕಡೆ ಮಾಡಿದ್ರೆ ಮೈಗೆ ಬೀಳೋ ಬಿಸಿಲು ಕಮ್ಮಿ ಆಗುತ್ತೆ, ಅಷ್ಟಕ್ಕೇ ಈ ಸರ್ಕಸ್ಸು. ನೆರಳಿಗೆ ಹೋಗ್ಬೋದಲ್ಲ ಅಂತೀರಾ? ಜಾಗ ಬಿಟ್ರೆ ಇನ್ನೊಂದು ಗಂಡು ಬಂದು ಕೂತ್ಕೊಳ್ಳುತ್ತೆ!

ಮುಂದಿನ ಸಲ ಹೋದ್ರೆ ದೊಡ್ಡ ಕೆರೆ ಹತ್ರ ಹುಡುಕ್ಬೇಡಿ, ಪಾದ ಮುಳುಗೋಷ್ಟೂ ಇಲ್ಲದ ತಿಳಿನೀರು, ಗಿಡ್ಡ ಹುಲ್ಲು, ಮೇಲೆ ಒಳ್ಳೇ ಬಿಸಿಲು ಇರೋ ಕಡೆ ಮೊಣಕಾಲಿಗಿಂತ ಕೆಳಗೆ ನೋಡಿ.