ಕಾಣಿಕೆ ಅಲ್ಲೇ ಇರಲಿ, ಮೊದಲು ಹೋಗಿ ಬನ್ನಿ

ಪತ್ರ: ನನಗೆ ವಿಪರೀತ ಸಿಟ್ಟು. ಹೆಂಡತಿ ಮಕ್ಕಳ ಮೇಲೆ ಹರಿಹಾಯುತ್ತೇನೆ, ಆಮೇಲೆ ಒಬ್ಬನೇ ಕೂತು ಅಳುತ್ತೇನೆ. ಉಪವಾಸವಿದ್ದು ಪ್ರಾರ್ಥಿಸಿದರೂ ಹೋಗಿಲ್ಲ. ಪವಿತ್ರಾತ್ಮನಿರುವವನಿಗೆ ಕೋಪವೇ ಬರುವುದಿಲ್ಲ ಎನ್ನುತ್ತಾರೆ ಸಭೆಯ ಹಿರಿಯರು. ನನ್ನ ವಿಶ್ವಾಸವೇ ಸುಳ್ಳೇ? (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ: ಪ್ರಾರ್ಥನೆ ಬಿಡಬೇಡಿ, ಒಳ್ಳೆಯದೇ. ಆದರೆ ನಿಮ್ಮ ಪತ್ರದಲ್ಲಿ ದೇವರ ಮುಂದೆ ಅತ್ತದ್ದಿದೆ, ಹಿರಿಯರ ಹತ್ತಿರ ಹೇಳಿಕೊಂಡದ್ದಿದೆ. ಹೆಂಡತಿಯ ಹತ್ತಿರ ‘ತಪ್ಪಾಯಿತು’ ಎಂದದ್ದು ಮಾತ್ರ ಎಲ್ಲೂ ಇಲ್ಲ.

ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯ ತೆಗೆಯಿರಿ. ಯಜ್ಞವೇದಿಯ ಮುಂದೆ ನಿಂತಾಗ, ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಎನ್ನುತ್ತಾನೆ ಯೇಸು. ಅಲ್ಲಿ ಲೆಕ್ಕಕ್ಕೆ ಬಂದಿರುವುದು ನೊಂದವನ ಮನಸ್ಸು. ದೇವರು ಕಾಯುತ್ತಾನಂತೆ, ನಮಗೇ ಅವಸರ. ದೇವರ ಮುಂದೆ ಮೊಣಕಾಲೂರುವುದು ಸುಲಭ ಸ್ವಾಮಿ, ನಿನ್ನೆ ಬೈಸಿಕೊಂಡ ಮಗನ ಮುಂದೆ ಕೂತು ಕ್ಷಮೆ ಕೇಳಿ ನೋಡಿ!

ಇನ್ನು ನಿಮ್ಮ ಹಿರಿಯರ ಮಾತು. ಹೊತ್ತು ಮುಳುಗುವುದರೊಳಗೆ ನಿಮ್ಮ ಸಿಟ್ಟು ತೀರಲಿ ಎನ್ನುತ್ತದೆ ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆ. ವಿಶ್ವಾಸಿಗಳಿಗೆ ಕೋಪವೇ ಬಾರದಿದ್ದರೆ ಈ ಗಡುವು ಯಾರಿಗೆ? ಐದನೆಯ ಶತಮಾನದ ಆರಂಭದಲ್ಲಿ ಬರೆದ ಕ್ರೈಸ್ತ ಸನ್ಯಾಸಿ ಜಾನ್ ಕ್ಯಾಸಿಯನ್ ಕೋಪದ ವಿಷಯದಲ್ಲಿ ನನಗಿಂತ ಬಹಳ ಕಟ್ಟುನಿಟ್ಟು. ಆತನೇ ಹೇಳಿಕೊಂಡಿದ್ದಾನೆ: ಮರುಭೂಮಿಯಲ್ಲಿ ಏಕಾಂತದಲ್ಲಿದ್ದಾಗ ಜಗಳಕ್ಕೆ ಮನುಷ್ಯರೇ ಸಿಗದೆ, ಸರಿಯಾಗಿ ಬರೆಯದ ಲೇಖನಿಯ ಮೇಲೆ, ಮೊಂಡಾದ ಚಾಕುವಿನ ಮೇಲೆ, ಬೇಗ ಕಿಡಿ ಕೊಡದ ಚಕಮಕಿ ಕಲ್ಲಿನ ಮೇಲೆ ರೇಗುತ್ತಿದ್ದನಂತೆ. ಜನರಿಂದ ದೂರ ಹೋದರೆ ಸಿಟ್ಟು ಹೋಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಕೋಣೆಯ ಬಾಗಿಲು ಹಾಕಿಕೊಂಡು ಅಳುವುದೂ ದೂರ ಹೋಗುವುದೇ.

ಯೇಸುವೂ ಕೋಪಗೊಂಡದ್ದುಂಟು. ಯಾವ ಕೆಲಸವೂ ಕೂಡದೆಂಬ ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ ದಿನ ಕೈ ಬತ್ತಿದವನೊಬ್ಬ ಎದುರಿಗೆ ನಿಂತಿದ್ದಾನೆ, ಪ್ರಾಣ ಉಳಿಸುವುದು ಸರಿಯೋ ತೆಗೆಯುವುದು ಸರಿಯೋ ಎಂದು ಕೇಳಿದರೆ ಸುತ್ತ ಯಾರೂ ತುಟಿ ಬಿಚ್ಚುವುದಿಲ್ಲ. ಅವರ ಆ ಕಲ್ಲೆದೆಗೆ ನೊಂದು, ಕೋಪದಿಂದ ಸುತ್ತಲೂ ನೋಡಿದ ಎಂದು ಮಾರ್ಕ ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಈ ಪ್ರಸಂಗ ನಿಮ್ಮ ನೆರವಿಗೆ ಬರುವುದಿಲ್ಲ, ತಪ್ಪು ತಿಳಿಯಬೇಡಿ. ನಿಮ್ಮದು ಬಲವಿಲ್ಲದವರ ಮೇಲಿನ ಕೋಪ. ನನ್ನ ತಕರಾರು ಬೇರೆ. ನಮ್ಮ ಸಭೆಗಳಲ್ಲಿ ಬಾಯಿ ಮುಚ್ಚಿಕೊಂಡಿರುವುದಕ್ಕೇ ಶಾಂತಿ ಎಂಬ ಹೆಸರು ಬಿದ್ದಿದೆ. ಕಾಣಿಕೆ ಹಣದ ಲೆಕ್ಕ ಕೇಳಿದವನಿಗೆ ಕೋಪ ಬೇಡವೆಂಬ ಬೋಧನೆ, ಪೆಟ್ಟು ತಿಂದು ಬಂದ ಹೆಂಗಸಿಗೆ ಏಳೆಪ್ಪತ್ತು ಸಲ ಕ್ಷಮಿಸೆಂಬ ವಾಕ್ಯ. ಹೊಡೆದವನಿಗೋ, ತಲೆಯ ಮೇಲೆ ಕೈಯಿಟ್ಟು ವಿಶೇಷ ಪ್ರಾರ್ಥನೆ.

ನಿಮಗಾಗಿ ಪ್ರಾರ್ಥಿಸಿದ ಹಿರಿಯರೇ ನಿಮ್ಮ ಹೆಂಡತಿಗೂ ‘ಸಹಿಸಿಕೊಳ್ಳಮ್ಮ’ ಎಂದಿರಬಹುದು. ಕೇಳಿ ನೋಡಿ. ಆಕೆಗೆ ಬರೆಯಬೇಕೆನಿಸಿದರೆ ಬರೆಯಲಿ. ಮುಂದಿನ ಸಂಚಿಕೆಯಲ್ಲಿ ಮೊದಲ ಪತ್ರ ಆಕೆಯದೇ.