ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಇತಿಹಾಸದಲ್ಲಿ ಈ ದಿನ’ಕ್ಕೆ ಘಟನೆಗಳನ್ನು ಆರಿಸುವುದು ಹೇಗೆ?

ಪ್ರಶ್ನೆ: ಇಂಗ್ಲಿಷ್ ವಿಕಿಪೀಡಿಯದ ಮುಖಪುಟದಲ್ಲಿ ‘ಈ ದಿನ’ ಎಂಬ ವಿಭಾಗವೊಂದು ದಿನಾಲೂ ಬರುತ್ತದೆ. ಐದಾರು ಘಟನೆಗಳು, ಜೊತೆಗೊಂದು ಚಿತ್ರ. ಸಾವಿರಾರು ಘಟನೆಗಳ ನಡುವೆ ಈ ಐದನ್ನೇ ಆರಿಸುವವರು ಯಾರು? ಸಂಗೊಳ್ಳಿ ರಾಯಣ್ಣನನ್ನು ನಮ್ಮ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದ ದಿನ ಜನವರಿ 26. ಅದು ಅಲ್ಲಿ ಕಾಣಿಸಬೇಕಾದರೆ ಯಾರಿಗೆ ಬರೆದುಕೊಳ್ಳಬೇಕು?
– ನಿವೃತ್ತ ಇತಿಹಾಸ ಶಿಕ್ಷಕರು, ಖಾನಾಪುರ

ಉತ್ತರ: ಬರೆದುಕೊಳ್ಳಲು ಅಲ್ಲಿ ಕಚೇರಿಯೂ ಇಲ್ಲ, ಸಂಬಳ ಪಡೆಯುವ ಆಯ್ಕೆ ಸಮಿತಿಯೂ ಇಲ್ಲ. ಫೆಬ್ರವರಿ 29ನ್ನೂ ಸೇರಿಸಿ ವರ್ಷದ 366 ದಿನಗಳಿಗೆ 366 ಪುಟಗಳಿವೆ. ಅವುಗಳಲ್ಲಿ ಆಯಾ ದಿನದ ಘಟನೆಗಳನ್ನು ಸ್ವಯಂಸೇವಕ ಸಂಪಾದಕರು ಮುಂಚಿತವಾಗಿ ಜೋಡಿಸಿಡುತ್ತಾರೆ. ನೀವೂ ಅವರಲ್ಲೊಬ್ಬರಾಗಬಹುದು. ಆದರೆ ದಿನ ಹತ್ತಿರ ಬಂದಾಗ ಆ ಪುಟಕ್ಕೆ ಬೀಗ ಬೀಳುತ್ತದೆ, ಆಮೇಲೆ ನಿರ್ವಾಹಕರು, ಅಂದರೆ ಹೆಚ್ಚಿನ ಅಧಿಕಾರವಿರುವ ಸಂಪಾದಕರು ಮಾತ್ರ ತಿದ್ದಬಲ್ಲರು. ಮುಖಪುಟ ಬದಲಾಗುವುದು ಗ್ರೀನಿಚ್ಚಿನ ಮಧ್ಯರಾತ್ರಿಗೆ, ಅಂದರೆ ನಮ್ಮ ಬೆಳಗಿನ 5.30ಕ್ಕೆ. ಜನವರಿ 26ರಂದು ನಸುಕಿನ ನಾಲ್ಕಕ್ಕೆ ಎದ್ದು ನೋಡಿದರೆ ನಿಮಗೆ ಇನ್ನೂ 25ರ ಪಟ್ಟಿಯೇ ಕಾಣುತ್ತದೆ.

ಇನ್ನು ಅಳತೆಗೋಲಿನ ವಿಚಾರ. ಘಟನೆ ಎಷ್ಟು ದೊಡ್ಡದು ಎಂಬುದೊಂದೇ ಅಲ್ಲಿ ಅಳತೆಯಾಗಿದ್ದರೆ ಮಹಾಯುದ್ಧಗಳು, ಕ್ರಾಂತಿಗಳು ಪ್ರತಿ ವರ್ಷವೂ ಅವೇ ದಿನಗಳಲ್ಲಿ ಮೆರೆಯುತ್ತಿದ್ದವು. ಮಹತ್ವ ಸಾಕಷ್ಟು ಇದ್ದರಾಯಿತು. ಆಮೇಲೆ ನೋಡುವುದು ಲೇಖನವನ್ನು. ಪಟ್ಟಿಯ ಪ್ರತಿ ಸಾಲಿನಲ್ಲೂ ಒಂದು ಲೇಖನದ ಹೆಸರು ದಪ್ಪಕ್ಷರದಲ್ಲಿರುತ್ತದೆ. ಆ ಲೇಖನ ನಾಲ್ಕು ಸಾಲಿನ ಚುಟುಕಾಗಿರಬಾರದು, ‘ಉಲ್ಲೇಖ ಬೇಕು’, ‘ಪಕ್ಷಪಾತವಿದೆ’ ಎಂಬಂಥ ಎಚ್ಚರಿಕೆಯ ಫಲಕಗಳು ಅದರ ತಲೆಯ ಮೇಲೆ ಇರಬಾರದು, ಮತ್ತು ಘಟನೆ ನಡೆದ ತಾರೀಕು ಆ ಲೇಖನದೊಳಗೇ ವಿಶ್ವಾಸಾರ್ಹ ಮೂಲದೊಂದಿಗೆ ಬಂದಿರಬೇಕು. ಮುಖಪುಟ ಓದುಗರನ್ನು ಆ ಲೇಖನಕ್ಕೇ ಕಳಿಸಿಕೊಡುತ್ತದೆ. ಬಾಗಿಲಿಗೆ ತೋರಣ ಕಟ್ಟಿ ಒಳಗೆ ಕಸ ಗುಡಿಸದ ಮನೆಗೆ ನೆಂಟರನ್ನು ಕರೆಯಲಾದೀತೇ?

ನಿಮ್ಮ ಜನವರಿ 26ಕ್ಕೆ ಇನ್ನೊಂದು ತೊಡಕಿದೆ. ಅದು ಕಿಕ್ಕಿರಿದ ದಿನ. ನಮ್ಮ ಗಣರಾಜ್ಯೋತ್ಸವ ಮತ್ತು ಆಸ್ಟ್ರೇಲಿಯಾದ ರಾಷ್ಟ್ರೀಯ ದಿನ ಹಬ್ಬ–ಆಚರಣೆಗಳ ಮೇಲಿನ ಸಾಲಿಗೆ ಬರುತ್ತವೆ. ಅದರ ಕೆಳಗೆ 1788ರಲ್ಲಿ ಬ್ರಿಟಿಷ್ ಹಡಗುಗಳು ಸಿಡ್ನಿಗೆ ಬಂದದ್ದು, 1930ರ ಪೂರ್ಣ ಸ್ವರಾಜ್ಯ ದಿನ, 2001ರ ಭುಜ್ ಭೂಕಂಪ ಹೀಗೆ ಹಲವು ಘಟನೆಗಳು ಕಾಯುತ್ತಿರುತ್ತವೆ. ಐದೂ ಸಾಲುಗಳು ಒಂದೇ ದೇಶದವು, ಒಂದೇ ಶತಮಾನದವು, ಬರೀ ಯುದ್ಧ–ಸಾವುಗಳವು ಆಗಬಾರದೆಂಬ ರೂಢಿಯೂ ಇರುವುದರಿಂದ ಭಾರತದ ಪಾಲಿಗೆ ಸಿಗುವುದು ಒಂದು ಸಾಲು, ಹೆಚ್ಚೆಂದರೆ ಎರಡು. ಹಾಗೆಂದು ನಿರಾಶರಾಗಬೇಕಿಲ್ಲ. ಹಿಂದಿನ ವರ್ಷ ಬಂದದ್ದನ್ನು ಈ ವರ್ಷ ಬಿಟ್ಟು ಬೇರೆಯದಕ್ಕೆ ಅವಕಾಶ ಕೊಡುವ ಪದ್ಧತಿ ಅಲ್ಲಿದೆ, ನೂರು–ಇನ್ನೂರು ವರ್ಷ ತುಂಬುವ ಘಟನೆಗೆ ತುಸು ಆದ್ಯತೆಯೂ ಇದೆ. ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರಲ್ಲಿ. 2031ಕ್ಕೆ ಇನ್ನೂರು ವರ್ಷ. ಅಷ್ಟರೊಳಗೆ ಆ ಲೇಖನದ ಪ್ರತಿ ಪ್ಯಾರಾಕ್ಕೂ ಮೂಲ ಒದಗಿಸುವ ಕೆಲಸವನ್ನು ನಿಮ್ಮಂಥ ಮೇಷ್ಟ್ರು ಕೈಗೆತ್ತಿಕೊಂಡರೆ ಅದಕ್ಕಿಂತ ಒಳ್ಳೆಯ ಅರ್ಜಿ ಬೇರೊಂದಿಲ್ಲ.

ಪ್ರಶ್ನೆ: ತಾಳಿಕೋಟೆ ಕದನದ ದಿನವನ್ನು ಜನವರಿ 23 ಎಂದು ಕೊಡುತ್ತಾರೆ. ಆ ಕಾಲದಲ್ಲಿ ಇಲ್ಲಿ ಯಾರೂ ‘ಜನವರಿ’ ಎನ್ನುತ್ತಿರಲಿಲ್ಲವಲ್ಲ, ಹಾಗಾದರೆ ಈ ತಾರೀಕು ಎಲ್ಲಿಂದ ಬಂತು? ಶಾಸನಗಳಲ್ಲಿರುವ ಶಕವರ್ಷದ ಘಟನೆಗಳನ್ನು ಇಂಥ ಪಟ್ಟಿಗೆ ಸೇರಿಸಬಹುದೇ?
– ಎಂ.ಎ. ವಿದ್ಯಾರ್ಥಿನಿ, ಹೊಸಪೇಟೆ

ಉತ್ತರ: ಒಳ್ಳೆಯ ಪ್ರಶ್ನೆ, ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ನಾವು ರಕ್ಕಸತಂಗಡಿ ಯುದ್ಧ ಎಂದೂ ಕರೆಯುವ ಆ ಕದನದ ತಾರೀಕನ್ನು ಇತಿಹಾಸಕಾರರು ಸಾಮಾನ್ಯವಾಗಿ 1565ರ ಜನವರಿ 23, ಮಂಗಳವಾರ ಎಂದು ಬರೆಯುತ್ತಾರೆ. ಇದು ಯುರೋಪಿನಲ್ಲಿ ಆಗ ಬಳಕೆಯಲ್ಲಿದ್ದ ಜೂಲಿಯನ್ ಪಂಚಾಂಗದ ತಾರೀಕು. ನಾವು ಈಗ ಗೋಡೆಗೆ ನೇತುಹಾಕುವ ಗ್ರೆಗೋರಿಯನ್ ಪಂಚಾಂಗ ಜಾರಿಗೆ ಬಂದದ್ದೇ 1582ರಲ್ಲಿ, ಬ್ರಿಟನ್ ಅದನ್ನು ಒಪ್ಪಿಕೊಂಡದ್ದು 1752ರಲ್ಲಿ. ಇಂದಿನ ಲೆಕ್ಕವನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಆ ಮಂಗಳವಾರ ಫೆಬ್ರವರಿ 2 ಆಗುತ್ತದೆ. ಹಾಗೆಂದು ಯಾರೂ ಕದನದ ದಿನವನ್ನು ಫೆಬ್ರವರಿಗೆ ಸರಿಸುವುದಿಲ್ಲ. 1582ಕ್ಕೆ ಹಿಂದಿನ ಘಟನೆಗಳಿಗೆ ಜೂಲಿಯನ್ ತಾರೀಕನ್ನೇ ಉಳಿಸಿಕೊಳ್ಳುವುದು ಇತಿಹಾಸ ಬರೆಯುವವರ ರೂಢಿ, ವಿಕಿಪೀಡಿಯವೂ ಅದನ್ನೇ ಅನುಸರಿಸುತ್ತದೆ. ಒಂದೇ ಪಟ್ಟಿಯಲ್ಲಿ ಎರಡು ಪಂಚಾಂಗಗಳು ಬೆರೆಯುತ್ತವೆ ಎಂಬುದನ್ನು ಆಯ್ಕೆ ಮಾಡುವವರು ತಿಳಿದಿದ್ದರೆ ಸಾಕು.

ಶಾಸನಗಳಿಗೆ ಬಂದರೆ, ಅಲ್ಲಿ ಎರಡು ಬಗೆ ಇವೆ. ಬಾದಾಮಿಯ ಬಂಡೆಯ ಮೇಲಿನ ಒಂದನೆಯ ಪುಲಕೇಶಿಯ ಶಾಸನ ಶಕ 465 ಎನ್ನುತ್ತದೆ, ಅಂದರೆ ಕ್ರಿ.ಶ. 543, ಐಹೊಳೆಯ ಶಾಸನ ಶಕ 556, ಅಂದರೆ 634–35. ವರ್ಷ ಇದ್ದರೂ ಇವನ್ನು ಒಂದು ತಾರೀಕಿಗೆ ಕಟ್ಟಲು ಬರುವುದಿಲ್ಲ. ಹಲ್ಮಿಡಿ ಶಾಸನದಲ್ಲಿ ವರ್ಷವೂ ಇಲ್ಲ. ಸುಮಾರು 450 ಎಂಬುದು ವಿದ್ವಾಂಸರ ಅಂದಾಜು. ಕನ್ನಡಿಗರಿಗೆ ಇವು ಎಷ್ಟೇ ಪ್ರಿಯವಾದರೂ ‘ಈ ದಿನ’ದ ಪಟ್ಟಿಯಲ್ಲಿ ಇವುಗಳಿಗೆ ಜಾಗವಿಲ್ಲ, ಅಭಿಮಾನಕ್ಕಾಗಿ ಒಂದು ತಾರೀಕನ್ನು ಹುಟ್ಟಿಸುವುದಂತೂ ಕೂಡದು.

ಎರಡನೆಯ ಬಗೆಯ ಶಾಸನಗಳಲ್ಲಿ ಸಂವತ್ಸರ, ಮಾಸ, ತಿಥಿ, ವಾರ ಎಲ್ಲವೂ ಇರುತ್ತವೆ. ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ ಶಾಸನವನ್ನೇ ತೆಗೆದುಕೊಳ್ಳಿ. ಅದರ ಕಾಲ ಶಕವರ್ಷ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಗುರುವಾರ. ಕಳೆದುಹೋದ ವರ್ಷಗಳನ್ನು ಎಣಿಸುವ ಗತಶಕದ ಪದ್ಧತಿಯಂತೆ 1290ಕ್ಕೆ 78 ಕೂಡಿಸಿದರೆ 1368. ಅರವತ್ತು ಸಂವತ್ಸರಗಳ ಸುತ್ತಿನಲ್ಲಿ ಆ ವರ್ಷಕ್ಕೆ ಬರುವ ಹೆಸರು ಕೀಲಕವೇ, ಅಲ್ಲಿಗೆ ಮೊದಲ ತಾಳೆ ಸಿಕ್ಕಿತು. ಆ ವರ್ಷದ ಭಾದ್ರಪದ ಶುದ್ಧ ದಶಮಿ ಆಗಸ್ಟ್ 24ಕ್ಕೆ ಬೀಳುತ್ತದೆ. 1368ರ ಆಗಸ್ಟ್ 24 ಯಾವ ವಾರ ಎಂದು ಎಣಿಸಿದರೆ ಗುರುವಾರ. ಶಾಸನ ಕೆತ್ತಿದವನು ಕೊನೆಯಲ್ಲಿ ಕೆತ್ತಿಬಿಟ್ಟ ಆ ವಾರದ ಹೆಸರೇ ಆರೂವರೆ ಶತಮಾನಗಳ ಆಚೆಗಿನ ನಮಗೆ ರುಜುವಾತು. ವಾರ ಹೊಂದದಿದ್ದರೆ ವರ್ಷವನ್ನು ಒಂದು ಹಿಂದೆಯೋ ಮುಂದೆಯೋ ಇಟ್ಟು ಮತ್ತೆ ನೋಡಬೇಕಾಗುತ್ತದೆ. ಈ ಲೆಕ್ಕವನ್ನು ನೀವೇ ಮಾಡಿ ಲೇಖನಕ್ಕೆ ಸೇರಿಸುವಂತಿಲ್ಲ, ಏಕೆಂದರೆ ಸ್ವಂತ ಸಂಶೋಧನೆಗೆ ವಿಕಿಪೀಡಿಯದಲ್ಲಿ ಅವಕಾಶವಿಲ್ಲ. ಅಚ್ಚಾದ ಮೂಲವೊಂದರಲ್ಲಿ ಆ ತಾರೀಕನ್ನು ಕಂಡು ಅದನ್ನು ಉಲ್ಲೇಖಿಸಬೇಕು. ಶ್ರವಣಬೆಳಗೊಳದ ಶಾಸನಗಳಿಗೆ ಎಪಿಗ್ರಾಫಿಯ ಕರ್ನಾಟಿಕದ ಎರಡನೆಯ ಸಂಪುಟವಿದೆ, ಕ್ರಿ.ಶ. 700ರಿಂದ 1799ರವರೆಗಿನ ಪಂಚಾಂಗಕ್ಕೆ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳಿವೆ.

ಈ ಶಾಸನವನ್ನು ಆರಿಸಿಕೊಂಡದ್ದು ಲೆಕ್ಕ ಕಲಿಸಲೆಂದಷ್ಟೇ ಅಲ್ಲ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ಅರಸನಲ್ಲಿ ದೂರು ಕೊಟ್ಟರು. ಬುಕ್ಕರಾಯ ಎರಡೂ ಕಡೆಯ ಮುಖ್ಯರನ್ನು ಕೂಡಿಸಿ, ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಮನೆಗೆ ವರ್ಷಕ್ಕೊಂದು ಹಣದಂತೆ ಎತ್ತಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನಿಟ್ಟು, ಉಳಿದದ್ದರಲ್ಲಿ ಬಸದಿಗಳಿಗೆ ಸುಣ್ಣ ಬಳಿಸುವ ಹೊಣೆಯನ್ನು ವಹಿಸಲಾಯಿತು. ಯುದ್ಧವಲ್ಲದ, ಸಾವಲ್ಲದ, ತಾರೀಕು ಗಟ್ಟಿಯಾಗಿರುವ ಮಧ್ಯಯುಗದ ಘಟನೆಗಾಗಿ ಪಟ್ಟಿ ಮಾಡುವವರು ಸದಾ ಹುಡುಕುತ್ತಿರುತ್ತಾರೆ. ಆಗಸ್ಟ್ 24ಕ್ಕೆ ಇದಕ್ಕಿಂತ ಒಳ್ಳೆಯದನ್ನು ಕರ್ನಾಟಕದಿಂದ ಕೊಡುವುದು ಕಷ್ಟ ಎಂಬುದು ನನ್ನ ಎಣಿಕೆ.

ಪ್ರಶ್ನೆ: ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು 1860ರಲ್ಲೋ 1861ರಲ್ಲೋ? ಎರಡೂ ಕಡೆ ಪುಸ್ತಕಗಳಿವೆ. ಇಂಥಲ್ಲಿ ಪಟ್ಟಿ ಮಾಡುವವರು ಏನು ಮಾಡಬೇಕು?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಸೆಪ್ಟೆಂಬರ್ 15ರ ಬಗ್ಗೆ ತಕರಾರಿಲ್ಲ, ಅದು ಇಂಜಿನಿಯರುಗಳ ದಿನವೂ ಹೌದು. ಜನ್ಮ ಶತಮಾನೋತ್ಸವದ ಅಂಚೆಚೀಟಿ ಹೊರಬಂದದ್ದು 1960ರಲ್ಲಿ, ಎಂದರೆ ಆಗಿನವರ ಲೆಕ್ಕ 1860. ಇಂದಿಗೂ ಹಲವು ಕಡೆ 1861 ಎಂದು ಅಚ್ಚಾಗುತ್ತಿದೆ. ‘ಈ ದಿನ’ದಲ್ಲಿ ಪ್ರತಿ ಸಾಲೂ ವರ್ಷದಿಂದಲೇ ಶುರುವಾಗುವುದರಿಂದ ಇಂಥವನ್ನು ಲೇಖನದಲ್ಲಿ ಎರಡೂ ವರ್ಷ ಕೊಟ್ಟು ವಿವರಿಸಿ, ಪಟ್ಟಿಯಿಂದ ಹೊರಗಿಡುವುದೇ ಸರಿ. ಅವರ ಬದುಕಿನಲ್ಲಿ ತಾರೀಕು ಖಚಿತವಾಗಿರುವ ಕೆಲಸಗಳಿಗೆ ಕೊರತೆಯೇನಿಲ್ಲ. ರಾಯಣ್ಣನ ಹುಟ್ಟಿಗೂ ಇದೇ ಮಾತು: ಆಗಸ್ಟ್ 15 ಎನ್ನುತ್ತಾರೆ, ವರ್ಷ ಮಾತ್ರ 1796 ಎಂದೂ 1798 ಎಂದೂ ಕಾಣುತ್ತದೆ.

ಪ್ರಶ್ನೆ: ಬಸವ ಜಯಂತಿ, ಕನಕ ಜಯಂತಿಗಳನ್ನು ಯಾವ ತಾರೀಕಿಗೆ ಹಾಕಬೇಕು?
– ಗೃಹಿಣಿ, ಹಾವೇರಿ

ಉತ್ತರ: ಯಾವ ತಾರೀಕಿಗೂ ಕಾಯಂ ಆಗಿ ಹಾಕಬೇಡಿ. ಬಸವ ಜಯಂತಿ ವೈಶಾಖ ಶುದ್ಧ ತದಿಗೆಗೆ, ಕನಕ ಜಯಂತಿ ಕಾರ್ತಿಕ ಬಹುಳ ತದಿಗೆಗೆ. ಇವು ದೀಪಾವಳಿಯಂತೆ ಆ ವರ್ಷದ ಪಂಚಾಂಗ ನೋಡಿ ಮೇಲಿನ ಆಚರಣೆಗಳ ಸಾಲಿಗೆ ಸೇರಿಸಿ, ಮರುವರ್ಷ ತೆಗೆಯಬೇಕಾದವು. ತೆಗೆಯಲು ಮರೆಯುವುದೇ ಹೆಚ್ಚು. ನಾನೂ ಒಮ್ಮೆ ಮರೆತಿದ್ದೇನೆ.

ಪ್ರಶ್ನೆ: ನಾವು ಕೆಲವು ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯಕ್ಕೆಂದು ಇಂಥದೊಂದು ಪಟ್ಟಿಯನ್ನು ಸಿದ್ಧಪಡಿಸಲು ಹೊರಟಿದ್ದೇವೆ. ಎರಡು ತಿಂಗಳದ್ದು ಮಾಡಿ ನೋಡಿದರೆ ಬಹುಪಾಲು ಸಾಹಿತಿಗಳ ಹುಟ್ಟುಹಬ್ಬಗಳೇ ತುಂಬಿವೆ. ಜೊತೆಗೆ ಟಿಪ್ಪುವಿನ ಬಗ್ಗೆ ಒಂದು ಸಾಲು ಬರೆಯುವಷ್ಟರಲ್ಲಿ ನಮ್ಮಲ್ಲೇ ಜಗಳವಾಯಿತು. ದಾರಿ ತೋರಿಸಿ.
– ಕಾಲೇಜು ವಿದ್ಯಾರ್ಥಿಗಳು, ಮಂಗಳೂರು

ಉತ್ತರ: ಹುಟ್ಟುಹಬ್ಬ ಸುಲಭದ ಸರಕು, ಪ್ರತಿಯೊಬ್ಬರ ಲೇಖನದಲ್ಲೂ ಒಂದು ತಾರೀಕು ಸಿದ್ಧವಾಗಿರುತ್ತದೆ. ಕುವೆಂಪು ಡಿಸೆಂಬರ್ 29ಕ್ಕೆ, ಬೇಂದ್ರೆ ಜನವರಿ 31ಕ್ಕೆ ಬೇಡವೆಂದು ಯಾರೂ ಹೇಳುವುದಿಲ್ಲ, ಆದರೆ ಜನನ–ಮರಣಗಳಿಗೆ ಕೊನೆಯಲ್ಲಿ ಒಂದು ಸಾಲು ಮೀಸಲಿಟ್ಟು ಉಳಿದದ್ದನ್ನು ಘಟನೆಗಳಿಗೆ ಬಿಡಿ. ನಿಮ್ಮೂರಿನಿಂದಲೇ ಶುರುಮಾಡಿ: 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು ಕನ್ನಡ ಪತ್ರಿಕೋದ್ಯಮದ ಮೊದಲ ದಿನ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಬೆಳಗಿತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಸತ್ತವರ ಸಂಖ್ಯೆ ಮೂಲಗಳಲ್ಲಿ ಒಂದೇ ಆಗಿಲ್ಲವಾದ್ದರಿಂದ ಪಟ್ಟಿಯ ಸಾಲಿನಲ್ಲಿ ಅಂಕಿ ಬೇಡ, ‘ಹಲವರು’ ಎಂದರೆ ಸಾಕು. ನವೆಂಬರ್ 1ಕ್ಕೆ ಮಾತ್ರ ತುಸು ಯೋಚಿಸಬೇಕು. 1956ರ ಆ ದಿನ ವಿಶಾಲ ಮೈಸೂರು ರಾಜ್ಯದ ಜೊತೆಗೆ ಕೇರಳ, ಆಂಧ್ರಪ್ರದೇಶಗಳೂ ಉದಯಿಸಿದವು, 1973ರ ಅದೇ ದಿನ ‘ಕರ್ನಾಟಕ’ ಎಂಬ ಹೆಸರು ಬಂತು. ಎರಡನ್ನೂ ಒಂದೇ ವರ್ಷ ಹಾಕಿ ಸಾಲುಗಳನ್ನು ತಿನ್ನಿಸಬೇಡಿ, ಒಂದು ವರ್ಷ ಇದು, ಇನ್ನೊಂದು ವರ್ಷ ಅದು ಇರಲಿ. ದಪ್ಪಕ್ಷರವನ್ನು ‘ಕರ್ನಾಟಕ’ ಎಂಬ ಬೃಹತ್ ಲೇಖನಕ್ಕೆ ಕೊಡುವ ಬದಲು ಏಕೀಕರಣದ ಲೇಖನಕ್ಕೆ ಕೊಡಿ, ಓದುಗರು ಹುಡುಕಿ ಬಂದದ್ದು ಅಲ್ಲಿದೆ.

ಟಿಪ್ಪುವಿನ ಸಾಲಿಗೆ ಬರೋಣ. ಜಗಳ ನಡೆದಿರುವುದು ವಿಶೇಷಣಗಳ ಮೇಲೆ ಎಂದು ಊಹಿಸಬಲ್ಲೆ. ಒಬ್ಬರು ‘ಹುತಾತ್ಮನಾದ’ ಎಂದಿರುತ್ತಾರೆ, ಇನ್ನೊಬ್ಬರು ಅದನ್ನು ಅಳಿಸಿ ಮತ್ತೇನನ್ನೋ ಬರೆದಿರುತ್ತಾರೆ. ಹೀಗೆ ಬರೆದು ನೋಡಿ: ‘1799, ಮೇ 4: ನಾಲ್ಕನೆಯ ಮೈಸೂರು ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿ ಮತ್ತು ನಿಜಾಮನ ಸೈನ್ಯಗಳು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡವು; ಕಾಳಗದಲ್ಲಿ ಟಿಪ್ಪು ಸುಲ್ತಾನ್ ಮಡಿದ.’ ಇದರಲ್ಲಿ ಅಳಿಸಲು ಯಾರಿಗೂ ಏನೂ ಸಿಗುವುದಿಲ್ಲ. ಹೊಗಳಿಕೆ, ತೆಗಳಿಕೆ, ಎರಡೂ ಕಡೆಯ ವಿದ್ವಾಂಸರ ವಾದಗಳೆಲ್ಲ ಲೇಖನದೊಳಗೆ ಮೂಲಸಮೇತ ವಿಸ್ತಾರವಾಗಿ ಇರಲಿ. ಇಪ್ಪತ್ತು ಪದಗಳ ಸಾಲು ಆ ಭಾರ ಹೊರಲಾರದು.

ಪಟ್ಟಿ ಒಂದು ಹದಕ್ಕೆ ಬಂದಮೇಲೆ ಕನ್ನಡ ವಿಕಿಪೀಡಿಯದ ‘ಅರಳಿ ಕಟ್ಟೆ’ ಪುಟದಲ್ಲಿ ಚರ್ಚೆಗಿಡಿ. ಸಮುದಾಯದ ಮಾತುಕತೆ ನಡೆಯುವುದು ಅಲ್ಲಿ. ಒಮ್ಮೆಗೇ 366 ದಿನಗಳನ್ನು ತುಂಬಿಸಲು ಹೋಗಬೇಡಿ. ಒಂದು ತಿಂಗಳಿಗೆ ಸಾಕಾಗುವಷ್ಟು ಲೇಖನಗಳನ್ನು ತಿದ್ದಿ, ತಾರೀಕಿಗೆ ಮೂಲ ಸಿಗದ ದಿನವನ್ನು ಖಾಲಿ ಬಿಟ್ಟು, ಆ ಖಾಲಿ ದಿನಗಳ ಪಟ್ಟಿಯನ್ನೂ ಅದೇ ಪುಟದಲ್ಲಿ ಹಾಕಿ. ಖಾನಾಪುರದ ಮೇಷ್ಟ್ರು, ಹೊಸಪೇಟೆಯ ವಿದ್ಯಾರ್ಥಿನಿಯಂಥವರು ಅದನ್ನು ನೋಡಿದರೆ ಸುಮ್ಮನಿರಲಾರರು.